ತಟ್ಟೆ ಮೊದಲು, ಕೋವಿ ಆಮೇಲೆ

(ಟೆಕ್ಸಸ್‌ನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ, ಜಿಂಕೆ ಬೇಟೆಯ ಹಂಗಾಮಿಗೆ ಮುನ್ನ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನವೆಂಬರ್ ಮೊದಲ ಶನಿವಾರ ಹತ್ತಿರ ಬಂತು. ಅಂದಿನಿಂದ ಬಿಳಿಬಾಲದ ಜಿಂಕೆಯ ಹಂಗಾಮು. ಇಲ್ಲಿ ಕೂತವರಲ್ಲಿ ಕೆಲವರು ಹಿಲ್ ಕಂಟ್ರಿಯಲ್ಲಿ, ಅಂದರೆ ಟೆಕ್ಸಸ್ ನಡುವಿನ ಗುಡ್ಡಸೀಮೆಯಲ್ಲಿ, ಬೇಟೆಗೆಂದು ರಾಂಚ್ ಗುತ್ತಿಗೆ ಹಿಡಿದಿದ್ದೀರಿ, ಒಂದಿಬ್ಬರು ಸ್ವಂತ ಜಮೀನನ್ನೇ ಕೊಂಡಿದ್ದೀರಿ. ಈಚೆಗೆ ನನಗೆ ಬರುವ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ: "ಸರ್, ಒಂದು ರಿವಾಲ್ವರು, ಒಂದು ರೈಫಲು. ಜಿಂಕೆಗೂ ಆಗಬೇಕು, ಹಂದಿಗೂ ಆಗಬೇಕು. ಯಾವುದು ತಗೊಳ್ಳಲಿ?" ಅಂಗಡಿಯ ಹೆಸರು, ಮಾಡೆಲ್ ನಂಬರು ಹೇಳಿಬಿಟ್ಟರೆ ಮಾತು ಮುಗಿಯಿತು ಅಂತ ಎಲ್ಲರ ನಿರೀಕ್ಷೆ. ಹಾಗೆ ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಈ ಪೇಪರ್ ತಟ್ಟೆ ನೋಡಿ. ನಮ್ಮ ಕೂಟದ ಊಟಕ್ಕೆ ತಂದದ್ದರಲ್ಲೇ ಒಂದು ಎತ್ತಿಕೊಂಡು ಬಂದೆ. ಎಂಟು ಇಂಚು ಅಗಲ. ಅಡ್ಡಕ್ಕೆ ನಿಂತ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚುಕಮ್ಮಿ ಇಷ್ಟೇ. ಎಷ್ಟು ದೂರದಿಂದ ನಿಮ್ಮ ಐದಕ್ಕೆ ಐದು ಗುಂಡೂ ಈ ತಟ್ಟೆಯೊಳಗೆ ಬೀಳುತ್ತವೋ, ಅದೇ ನಿಮ್ಮ ಬೇಟೆಯ ದೂರ. ನಾಲ್ಕು ಬಿದ್ದರೆ ಲೆಕ್ಕಕ್ಕಿಲ್ಲ. ಆ ಐದನೆಯದೇ ಹೊಟ್ಟೆಗೆ ಬೀಳುವ ಗುಂಡು. ಹೊಟ್ಟೆಗೆ ಗುಂಡು ತಿಂದ ಜಿಂಕೆ ಅಲ್ಲೇ ಬೀಳುವುದಿಲ್ಲ. ಬೇಲಿ ಹಾರಿ, ಸೀಡರ್ ಪೊದೆ ನುಗ್ಗಿ, ಗಂಟೆಗಟ್ಟಲೆ ನರಳಿ ಸಾಯುತ್ತದೆ. ಆ ನರಳಾಟಕ್ಕೆ ಹೊಣೆ ಕೋವಿಯಲ್ಲ, ಅದನ್ನು ಹಿಡಿದವರು. ನನ್ನ ಇವತ್ತಿನ ಮಾತೆಲ್ಲ ಈ ತಟ್ಟೆಯ ಸುತ್ತಲೇ ಸುತ್ತುತ್ತದೆ.

ಮುಂದೆ ಹೋಗುವ ಮೊದಲು ಒಂದು ಕಾನೂನಿನ ಮಾತು. ಎಚ್-1ಬಿ (ಕೆಲಸದ), ಎಚ್-4 (ಅವರ ಕುಟುಂಬದ) ವೀಸಾದಲ್ಲಿ ಇರುವವರು ದಯವಿಟ್ಟು ಗಮನವಿಟ್ಟು ಕೇಳಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನೀವು ಕೋವಿಯನ್ನಾಗಲಿ ತೋಟಾವನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ಮುಖ್ಯ ವಿನಾಯಿತಿ ಬೇಟೆಯ ಲೈಸೆನ್ಸು. ಅದು ಚಾಲ್ತಿಯಲ್ಲಿರಬೇಕು. ಟೆಕ್ಸಸ್‌ನಲ್ಲಿ ಅದರ ಅವಧಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ನಿಮ್ಮ ಕಪಾಟಿನಲ್ಲಿರುವ ರೈಫಲೇ ಅಪರಾಧವಾಗುತ್ತದೆ. 2019ರಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಕಾಡುಹಂದಿ ಹೊಡೆಯಲು ಲೈಸೆನ್ಸು ಬೇಡ ಎಂಬ ನಿಯಮ ಬಂದಿದೆ, ನಿಜ. "ಹಾಗಾದರೆ ನನಗೂ ಬೇಡ" ಅಂತ ವೀಸಾದಲ್ಲಿರುವವರು ತಿಳಿಯಬೇಡಿ. ಹಂದಿಗೆ ಬೇಡವಾದರೂ ಕೋವಿ ಇಟ್ಟುಕೊಳ್ಳಲು ನಿಮಗೆ ಅದು ಬೇಕು. ಗ್ರೀನ್ ಕಾರ್ಡಿನವರಿಗೆ ಈ ತೊಡಕಿಲ್ಲ. ಇನ್ನು 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿ ಮುಗಿಸಿರಬೇಕು. ಅಂದರೆ ಈ ಸಭೆಯಲ್ಲಿ ಮುಂದಿನ ಸಾಲಿನ ಹಿರಿಯರನ್ನು ಬಿಟ್ಟು ಎಲ್ಲರೂ.

ಈಗ ರಿವಾಲ್ವರು. ಹಿಲ್ ಕಂಟ್ರಿಯ ಲಾನೋ ಕಡೆಯ ಒಂದು ರಾಂಚಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಅದು. ನಮ್ಮ ಗೆಳೆಯರೊಬ್ಬರು ಹೊಸದಾಗಿ .454 ಕ್ಯಾಸುಲ್ ಎಂಬ ಬಹಳ ಜೋರಿನ ರಿವಾಲ್ವರು ಕೊಂಡಿದ್ದರು. ಉದ್ದ ನಳಿಗೆ, ಮೇಲೆ ಗುರಿ ನೋಡುವ ದುರ್ಬೀನು. ಕೈಗೆತ್ತಿಕೊಂಡರೆ ಅಡಿಗೆಮನೆಯ ರುಬ್ಬುಗುಂಡಿನ ಭಾರ. ರಾಂಚಿನ ಯಜಮಾನರಿಗೆ ಎಪ್ಪತ್ತು ದಾಟಿದೆ, ಮಾತು ಕಡಿಮೆ. ಅವರು ಸೀಡರ್ ಕಂಬಕ್ಕೆ ತಟ್ಟೆ ಮೊಳೆ ಹೊಡೆದು, 50 ಗಜ ಹೆಜ್ಜೆ ಅಳೆದು ಬಂದು, "ಐದು ಹೊಡೆಯಿರಿ" ಅಂದರು. ಐದು ಹೊಡೆದದ್ದಾಯಿತು. ಎರಡು ತಟ್ಟೆಯಲ್ಲಿ, ಒಂದು ಕಂಬದಲ್ಲಿ, ಇನ್ನೆರಡು ಎಲ್ಲಿ ಹೋದವೋ. ಗೆಳೆಯರು ದುರ್ಬೀನಿನ ತಿರುಪು ಬಿಗಿಯಿಲ್ಲ ಅಂದರು. ಯಜಮಾನರು ಏನೂ ಅನ್ನಲಿಲ್ಲ. ರಿವಾಲ್ವರು ಇಸಕೊಂಡು, ಬೆನ್ನು ತಿರುಗಿಸಿ ನಿಂತು, ತಾವೇ ತುಂಬಿಸಿ ವಾಪಸು ಕೊಟ್ಟರು.

ಮೊದಲ ಗುಂಡು ಢಮಾರ್ ಅಂತು. ಎರಡನೆಯ ಸಲ ಗೆಳೆಯರು ಉಸಿರು ಹಿಡಿದು ಟ್ರಿಗರ್ ಎಳೆದರು. ಟಕ್. ಗುಂಡು ಹಾರಲಿಲ್ಲ, ಆದರೆ ನಳಿಗೆಯ ತುದಿ ಒಂದು ಗೇಣು ಕೆಳಕ್ಕೆ ಬಾಗಿತು. ನಾವೆಲ್ಲ ಕಣ್ಣಾರೆ ನೋಡಿದೆವು. ಯಜಮಾನರು ಗುಂಡಿದ್ದ ತೋಟಾಗಳ ನಡುನಡುವೆ ಹೊಡೆದು ಖಾಲಿಯಾದವನ್ನು ಸೇರಿಸಿದ್ದರು. ಸಿಲಿಂಡರಿನ ಮುಂದಿನ ಮನೆಯಲ್ಲಿ, ಅಂದರೆ ತೋಟಾ ಕೂರುವ ತೂತಿನಲ್ಲಿ, ಯಾವುದಿದೆಯೆಂದು ಹೊಡೆಯುವವರಿಗೆ ಗೊತ್ತಿಲ್ಲ. ಖಾಲಿಯದ್ದು ಬಂದಾಗಲೆಲ್ಲ ಟಕ್, ಮತ್ತೆ ನಳಿಗೆ ನೆಲ ನೋಡುತ್ತಿತ್ತು. ಸಿಡಿತಕ್ಕೆ, ಅಂದರೆ ಹೊಡೆದಾಗ ಕೋವಿ ಹಿಂದಕ್ಕೆ ಒದೆಯುವುದಕ್ಕೆ, ಹೆದರಿ ಕೈ ಮೊದಲೇ ತಳ್ಳುತ್ತಿತ್ತು. ಗೆಳೆಯರೂ ನಕ್ಕರು, ನಾವೂ ನಕ್ಕೆವು. ಆಗ ಯಜಮಾನರು ಒಳಗಿಂದ ತಮ್ಮ ಹಳೆಯ .357 ಮ್ಯಾಗ್ನಮ್ ರಿವಾಲ್ವರು ತಂದರು. ಆರಿಂಚಿನ ನಳಿಗೆ, ಹಿಡಿಯ ಮರ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಮೊದಲು ಅದರಲ್ಲಿ ಮೆತ್ತಗಿನ .38 ಸ್ಪೆಷಲ್ ತೋಟಾ ಹಾಕಿಸಿ 25 ಗಜಕ್ಕೆ ಹೊಡೆಸಿದರು. ಸಂಜೆ ಹೊತ್ತಿಗೆ ಪೂರ್ತಿ ಜೋರಿನ ಮ್ಯಾಗ್ನಮ್ ತೋಟಾದಲ್ಲೇ ಐದಕ್ಕೆ ಐದು ತಟ್ಟೆಯೊಳಗೆ. "ಇನ್ನು 25 ಗಜದೊಳಗೆ ಬಂದ ಜಿಂಕೆ ನಿಮ್ಮದು. 30ರಲ್ಲಿ ನಿಂತದ್ದನ್ನು ಸುಮ್ಮನೆ ನೋಡಿ ಖುಷಿಪಡಿ" ಅಂದರು. ಮುಂದಿನ ಹಂಗಾಮಿನಲ್ಲಿ ನಮ್ಮ ಗೆಳೆಯರು ಮರಸು ಕೂತು ಆ ದೂರದೊಳಗೇ ಒಂದು ಹೆಣ್ಣು ಜಿಂಕೆ ಹೊಡೆದರು. ಅದು ಓಡಿದ್ದು ಈ ಸಭಾಂಗಣದ ಉದ್ದದಷ್ಟೂ ಇಲ್ಲ.

ಹಾಗಾದರೆ ಯಾವ ಕ್ಯಾಲಿಬರ್, ಅಂದರೆ ಗುಂಡಿನ ಯಾವ ಅಳತೆ? .357 ಮ್ಯಾಗ್ನಮ್ ಬಂದದ್ದು 1935ರಲ್ಲಿ. 158 ಗ್ರೇನ್ ತೂಕದ ಗುಂಡಿಗೆ ನಳಿಗೆಯ ಬಾಯಲ್ಲಿ ಸುಮಾರು 500 ಅಡಿ-ಪೌಂಡ್ ಶಕ್ತಿ. ಹತ್ತಿರದ ಜಿಂಕೆಗೆ, ಪಕ್ಕೆ ಕಾಣುವಂತೆ ನಿಂತಿದ್ದರೆ, ಸಾಕು. .44 ಮ್ಯಾಗ್ನಮ್ 1955ರದ್ದು. ಎಲ್ಮರ್ ಕೀತ್ ಎಂಬ ಐಡಾಹೋದ ಬೇಟೆಗಾರ-ಬರಹಗಾರ ವರ್ಷಗಟ್ಟಲೆ ಹಟ ಹಿಡಿದು, ರೆಮಿಂಗ್ಟನ್ನಿಂದ ತೋಟಾ, ಸ್ಮಿತ್ ಅಂಡ್ ವೆಸನ್ನಿಂದ ರಿವಾಲ್ವರು ಮಾಡಿಸಿದ್ದು ಅದು. 240 ಗ್ರೇನ್ ಗುಂಡು, 750ರಿಂದ 900 ಅಡಿ-ಪೌಂಡ್. ಹಂದಿಯೂ ನಿಮ್ಮ ಪಟ್ಟಿಯಲ್ಲಿದ್ದರೆ ನನ್ನ ಆಯ್ಕೆ .44. ಅದಕ್ಕೆ ಮುಖ್ಯ ಕಾರಣ ಶಕ್ತಿಯಲ್ಲ. ಅದೇ ರಿವಾಲ್ವರಿನಲ್ಲಿ ಮೆತ್ತಗಿನ .44 ಸ್ಪೆಷಲ್ ಹಾಕಿ ಅಭ್ಯಾಸ ಮಾಡಬಹುದು. ಕೈ ಪಳಗಿದ ಮೇಲೆ ಮ್ಯಾಗ್ನಮ್. ನಳಿಗೆ ಆರರಿಂದ ಏಳೂವರೆ ಇಂಚು ಇರಲಿ. ಸಿಂಗಲ್ ಆಕ್ಷನ್ನೋ (ಪ್ರತಿ ಸಲ ಕುದುರೆಯನ್ನು, ಅಂದರೆ ಹ್ಯಾಮರನ್ನು, ಕೈಯಿಂದ ಎಳೆಯಬೇಕಾದದ್ದು) ಡಬಲ್ ಆಕ್ಷನ್ನೋ (ಟ್ರಿಗರ್ ಎಳೆದರೇ ಸಾಕಾದದ್ದು) ಅಂತ ಜಗಳ ಬೇಡ. ಬೇಟೆಯಲ್ಲಿ ಹೇಗೂ ಕುದುರೆ ಎಳೆದಿಟ್ಟೇ ಹೊಡೆಯುತ್ತೀರಿ. ರೂಗರ್ ಬ್ಲಾಕ್‌ಹಾಕ್‌ನಂಥ ಸಿಂಗಲ್ ಆಕ್ಷನ್ ಹಿಡಿ ಸಿಡಿತಕ್ಕೆ ಅಂಗೈಯಲ್ಲಿ ಮೇಲಕ್ಕೆ ಹೊರಳುತ್ತದೆ, ಕೆಲವರಿಗೆ ಅದು ಹಿತ. ಹಳೆಯದನ್ನು ಕೊಳ್ಳುವವರು ಒಂದು ವಿಚಾರಿಸಿ: 1973ಕ್ಕೆ ಮುಂಚಿನ ಬ್ಲಾಕ್‌ಹಾಕ್‌ಗಳಲ್ಲಿ, ಆಮೇಲೆ ಸುರಕ್ಷತಾ ಪಟ್ಟಿ ಹಾಕಿಸಿರದಿದ್ದರೆ, ಆರರ ಬದಲು ಐದೇ ತುಂಬಿಸಿ, ಕುದುರೆಯ ಕೆಳಗಿನ ಮನೆ ಖಾಲಿ ಬಿಡಬೇಕು. ಇಲ್ಲವಾದರೆ ರಿವಾಲ್ವರು ಕೈಜಾರಿ ಬಿದ್ದಾಗ ಗುಂಡು ತಾನಾಗಿ ಹಾರಬಹುದು.

ರೈಫಲು ಹಿಡಿದು ಅಭ್ಯಾಸವಿರುವವರಿಗೆ ಇನ್ನೊಂದು ಮಾತು. ಎಡಗೈ ತಾನಾಗಿ ಮುಂದಕ್ಕೆ, ನಳಿಗೆಯ ಬುಡಕ್ಕೆ ಹೋಗುತ್ತದೆ. ರಿವಾಲ್ವರಿನಲ್ಲಿ ಅಲ್ಲಿ, ಸಿಲಿಂಡರಿಗೂ ನಳಿಗೆಗೂ ನಡುವೆ, ಕೂದಲೆಳೆಯ ಸಂದು ಇದೆ. ಹೊಡೆದಾಗ ಅದರಿಂದ ಬೆಂಕಿಯೂ ಸೀಸದ ಚೂರೂ ಪಕ್ಕಕ್ಕೆ ಚಿಮ್ಮುತ್ತವೆ. ಮರಳುಚೀಲದ ಮೇಲೆ ಒರಗಿಸಿ ಹೊಡೆದರೆ ಆ ಚೀಲದ ಬಟ್ಟೆ ಕತ್ತರಿಸಿದಂತೆ ಸೀಳಿರುತ್ತದೆ, ನೀವೇ ನೋಡಬಹುದು. ಅಲ್ಲಿ ಬೆರಳಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಹಂದಿಗೆ ಬರೋಣ. ಊರಲ್ಲಿ ಗದ್ದೆಗೆ ನುಗ್ಗುವ ಹಂದಿಯ ಕಾಟ ಗೊತ್ತಿರುವವರಿಗೆ ಇಲ್ಲಿನ ರೈತರ ಸಂಕಟ ಬಿಡಿಸಿ ಹೇಳಬೇಕಿಲ್ಲ. ಟೆಕ್ಸಸ್ ಒಂದರಲ್ಲೇ 20 ಲಕ್ಷಕ್ಕೂ ಮೀರಿ ಇವೆ ಎಂದು ಅಂದಾಜು. ಸ್ಪೇನಿನವರು ತಂದ ಸಾಕುಹಂದಿ ಕಾಡುಬಿದ್ದು, ಆಮೇಲೆ ಬೇಟೆಗಾಗಿ ತಂದ ಯುರೋಪಿನ ಕಾಡುಹಂದಿಯ ಜೊತೆ ಬೆರೆತ ಸಂತತಿ ಇದು. ಹಂದಿಯ ಮೈ ಬೇರೆ ಥರ. ಅದರ ಹೃದಯ ಜಿಂಕೆಗಿಂತ ಮುಂದೆ, ಇನ್ನೂ ಕೆಳಗೆ, ಮುಂಗಾಲಿನ ನೇರಕ್ಕೇ ಇದೆ. ಬೆನ್ನಿನ ಗೂನು, ನಿಮಿರಿದ ಕೂದಲು ನೋಡಿ ಕಣ್ಣು ಮೋಸ ಹೋಗುತ್ತದೆ, ಗುಂಡು ಮೇಲಕ್ಕೆ ಬೀಳುತ್ತದೆ. ಆದ್ದರಿಂದ ಹಂದಿಗೆ ಈ ದೊಡ್ಡ ತಟ್ಟೆ ಇಟ್ಟುಕೊಳ್ಳಬೇಡಿ, ಆರಿಂಚಿನ ಚಿಕ್ಕ ತಟ್ಟೆ ಇಟ್ಟುಕೊಳ್ಳಿ. ವಯಸ್ಸಾದ ಗಂಡುಹಂದಿಯ ಭುಜದ ಮೇಲೆ ಗಟ್ಟಿ ಮೆಲ್ಲೆಲುಬಿನಂಥ ಪದರ ಬೆಳೆದಿರುತ್ತದೆ. ಗಂಡುಗಳು ಒಂದಕ್ಕೊಂದು ಕೋರೆಯಿಂದ ತಿವಿದಾಡುವಾಗ ಅದೇ ಗುರಾಣಿ. ಅಂಥ ಒಂದು ಗಂಡುಹಂದಿಯ ಚರ್ಮ ಸುಲಿಯುವಾಗ ನಾನೇ ಕೈಯಿಟ್ಟು ನೋಡಿದ್ದೇನೆ: ಹೆಬ್ಬೆರಳಿನಷ್ಟು ದಪ್ಪ, ಬೆಳ್ಳಗೆ, ಟೈರಿನ ರಬ್ಬರಿನಂಥ ಬಿಗಿ. ಕೂದಲಲ್ಲಿ ಒಣಗಿದ ಕೆಸರು ಬೇರೆ, ಚೂರಿಯ ಬಾಯಿ ಅರ್ಧದಲ್ಲೇ ಮೊಂಡಾಯಿತು. ಆತ್ಮರಕ್ಷಣೆಗೆಂದು ಮಾರುವ, ತಗುಲಿದ ಕೂಡಲೇ ಅರಳುವ ಹಗುರ ಗುಂಡುಗಳು ಇದರಲ್ಲಿ ಸಿಕ್ಕಿಕೊಂಡು ಒಳಗೆ ಇಳಿಯದೆ ಹೋಗಬಹುದು. ರಿವಾಲ್ವರಿನಲ್ಲಿ ಹಂದಿಗೆ ಭಾರದ, ಮೊಂಡುಮೂತಿಯ ಗಟ್ಟಿ ಸೀಸದ ಗುಂಡೇ ಬೇಕು.

ರೈಫಲಿನ ಬಗ್ಗೆ ಹೆಚ್ಚು ಜನ ಕೇಳಿದ್ದು, ರಿವಾಲ್ವರಿಗೂ ರೈಫಲಿಗೂ ಒಂದೇ ತೋಟಾ ಆದರೆ ಚೆನ್ನಲ್ಲವೇ ಅಂತ. ಆಸೆ ಹಳೆಯದು. 1873ರ ವಿಂಚೆಸ್ಟರ್ ರೈಫಲಿನ .44-40 ತೋಟಾಕ್ಕೇ ಕೋಲ್ಟ್ ಕಂಪನಿ ತನ್ನ ರಿವಾಲ್ವರನ್ನೂ ಮಾಡಿತು. ಕುದುರೆ ಮೇಲಿನ ದನಗಾಹಿಗೆ ಸೊಂಟದಲ್ಲಿ ಒಂದೇ ಪಟ್ಟಿ ತೋಟಾ ಸಾಕಾಯಿತು. ಇವತ್ತು ಮಾರ್ಲಿನ್ 1894ರಂಥ .44 ಲಿವರ್ ಆಕ್ಷನ್ ಕಾರ್ಬೈನು (ಟ್ರಿಗರಿನ ಸುತ್ತಲಿನ ಹಿಡಿ ಎಳೆದು ತೋಟಾ ಏರಿಸುವ ಚಿಕ್ಕ ರೈಫಲು) ಕೊಂಡರೆ ಅದೇ ಅನುಕೂಲ ನಿಮಗೂ ಉಂಟು. ರಿವಾಲ್ವರಿಗಿಂತ ನಳಿಗೆ ಉದ್ದವಾದ್ದರಿಂದ ಅದೇ ತೋಟಾದ ಶಕ್ತಿ 1,600 ಅಡಿ-ಪೌಂಡ್ ದಾಟುತ್ತದೆ. ಪೊದೆಗಾಡಿನಲ್ಲಿ, 100 ಗಜದೊಳಗೆ, ಹಂದಿಗೆ ಅದು ಬಹಳ ಒಳ್ಳೆಯ ಕೋವಿ. ಆದರೆ 100 ಗಜಕ್ಕೆ ಗುರಿ ಹೊಂದಿಸಿಟ್ಟರೆ 200 ಗಜಕ್ಕೆ ಗುಂಡು ಒಂದೂವರೆ ಅಡಿಯ ಆಸುಪಾಸು ಇಳಿದಿರುತ್ತದೆ. ಅದೇ ದೂರಕ್ಕೆ .308 ವಿಂಚೆಸ್ಟರ್ ಇಳಿಯುವುದು ನಾಲ್ಕು ಇಂಚಿನ ಹತ್ತಿರ. ಮತ್ತೆ ತಟ್ಟೆಯ ಮೇಲಿಟ್ಟು ನೋಡಿ: ನಾಲ್ಕಿಂಚು ಇಳಿದರೆ ಗುಂಡು ತಟ್ಟೆಯ ಅಂಚಿನಲ್ಲಾದರೂ ಇದೆ. ಒಂದೂವರೆ ಅಡಿ ಇಳಿದರೆ ಜಿಂಕೆಯ ಕಾಲಿನ ಸಂದಿಯಲ್ಲಿ ಹೋಯಿತು, ಇಲ್ಲವೇ ಕಾಲೇ ಮುರಿಯಿತು.

ಆದ್ದರಿಂದ ಒಂದೇ ರೈಫಲು ಕೊಳ್ಳುವವರಿಗೆ ನನ್ನ ಮಾತು .308, ಬೋಲ್ಟ್ ಆಕ್ಷನ್ (ಪಕ್ಕದ ಹಿಡಿ ಹಿಂದೆಮುಂದೆ ಎಳೆದು ತೋಟಾ ಏರಿಸುವುದು), 150 ಗ್ರೇನ್ ಗುಂಡು. 1952ರಿಂದ ಇದೆ, ಎಲ್ಲ ಅಂಗಡಿಯಲ್ಲೂ ತೋಟಾ ಸಿಗುತ್ತದೆ, ಜಿಂಕೆಗೂ ಸೈ, ಹಂದಿಗೂ ಸೈ. ಸಿಡಿತ ಹೆಚ್ಚಾಯಿತು ಅನ್ನುವವರಿಗೆ .243. ಅದು ಜಿಂಕೆಗೆ ಸೊಗಸು, ದೊಡ್ಡ ಹಂದಿಗೆ ಗುಂಡು ನೋಡಿ ಆರಿಸಬೇಕು. .30-30 ಇಷ್ಟಪಡುವವರು ಇದ್ದೀರಿ, ನನಗೂ ಅದರ ಮೇಲೆ ಪ್ರೀತಿ. ಆದರೆ ಅದರ ಲಿವರ್ ಆಕ್ಷನ್ ರೈಫಲುಗಳಲ್ಲಿರುವ, ತೋಟಾಗಳು ಒಂದರ ಹಿಂದೊಂದು ಕೂರುವ ಕೊಳವೆ ಮ್ಯಾಗಜೀನಿಗೆ ಚೂಪುಮೂತಿಯ ಮಾಮೂಲಿ ಗುಂಡು ಹಾಕಬೇಡಿ ಮಾರಾಯ್ರೇ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ಒತ್ತಿಕೊಂಡಿರುತ್ತದೆ, ಸಿಡಿತದ ಏಟಿಗೆ ಅದು ಕೊಳವೆಯೊಳಗೇ ಹಾರಬಹುದು. ಮೊಂಡುಮೂತಿ, ಇಲ್ಲವೇ ಅದಕ್ಕೆಂದೇ ಮಾಡಿದ ಮೆತ್ತನೆ ತುದಿಯ ಗುಂಡು ಮಾತ್ರ. ಮತ್ತೆ ನೆನಪಿರಲಿ, .22ರಂಥ ರಿಮ್‌ಫೈರ್ ತೋಟಾದಲ್ಲಿ ಜಿಂಕೆ ಹೊಡೆಯುವುದು ಟೆಕ್ಸಸ್‌ನಲ್ಲಿ ಕಾನೂನುಬಾಹಿರ.

ಕೊಡಗಿನವರು ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ. ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದವರಿಗೆ ಎಂಟಿಂಚಿನ ತಟ್ಟೆ ಯಾವ ಲೆಕ್ಕ! ಒಪ್ಪುತ್ತೇನೆ. ಆದರೆ ತೆಂಗಿನಕಾಯಿ ನಡೆಯುವುದಿಲ್ಲ, ತಿರುಗಿ ನಿಮ್ಮನ್ನು ನೋಡುವುದಿಲ್ಲ. ಮೊದಲ ಜಿಂಕೆ ಎದುರು ನಿಂತಾಗ ಎದೆ ಬಡಿದುಕೊಳ್ಳುವುದು ಎಂಥ ಗುರಿಕಾರರಿಗೂ ತಪ್ಪಿದ್ದಲ್ಲ. ತಟ್ಟೆಯಲ್ಲಿ ಸಿಕ್ಕಿದ ದೂರದಿಂದ ಮೊದಲ ವರ್ಷ ಕಾಲುಭಾಗ ಕಳೆದುಬಿಡಿ.

ಸಮಯ ಆಯಿತೆಂದು ಚೀಟಿ ಬಂದಿದೆ. ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ. ನಮ್ಮ ಚುಕ್ಕೆ ಜಿಂಕೆ, ಬಂಡೀಪುರದಲ್ಲಿ ಜೀಪಿನಿಂದ ನೋಡುತ್ತಿದ್ದೆವಲ್ಲ, ಅದನ್ನು 1932ರಲ್ಲಿ ಟೆಕ್ಸಸ್‌ಗೆ ತಂದರು. ಈಗ ಹಿಲ್ ಕಂಟ್ರಿಯ ತುಂಬ ಇದೆ. ಇಲ್ಲಿ ಅದು ಹೊರಗಿನ ಪ್ರಾಣಿ, ಬೇಟೆಗೆ ಹಂಗಾಮಿನ ಕಟ್ಟಿಲ್ಲ, ವರ್ಷವಿಡೀ ಹೊಡೆಯಬಹುದು, ಆದರೆ ಲೈಸೆನ್ಸು ಬೇಕು. ಬಿಳಿಬಾಲದ ಜಿಂಕೆಗಿಂತ ದೊಡ್ಡ ಮೈ, ಗಟ್ಟಿ ಜೀವ. ಅದಕ್ಕೆ .357 ಹಿಡಿದು ಹೋಗಬೇಡಿ. ಹಂದಿ ಕೊಯ್ಯುವಾಗ ರಬ್ಬರ್ ಕೈಗವುಸು ಹಾಕಿ, ಬ್ರೂಸೆಲ್ಲಾ ರೋಗ ರಕ್ತದಿಂದ ಅಂಟುತ್ತದೆ. ಮಾಂಸದ ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿ. ಪಂದಿಕರಿ ಮಾಡುವವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ದುರ್ಬೀನಿನ ಬಗ್ಗೆ ಹೇಳಲು ಆಗಲಿಲ್ಲ, ಊಟದ ಹೊತ್ತಿಗೆ ಕೇಳಿ. ಬರುವ ಶನಿವಾರ ಬೆಳಿಗ್ಗೆ ಗುರಿ ಅಭ್ಯಾಸದ ರೇಂಜಿಗೆ ಬರುವವರು ಹೆಸರು ಬರೆಸಿ. ಮ್ಯಾಗ್ನಮ್ ರಿವಾಲ್ವರಿನ ಸದ್ದು 160 ಡೆಸಿಬಲ್ ಮುಟ್ಟುತ್ತದೆ, ಒಂದೇ ಈಡಿಗೆ ಕಿವಿ ಶಾಶ್ವತವಾಗಿ ಕೆಡಬಹುದು. ಕಿವಿಗೆ ಮಫ್ಸ್ ಇಲ್ಲದೆ ಬಂದವರನ್ನು, ಎಷ್ಟೇ ಸ್ನೇಹಿತರಾದರೂ, ನಾನು ಗೆರೆಯ ಹತ್ತಿರ ಬಿಡುವುದಿಲ್ಲ.