ಜರ್ಮನಿಯಲ್ಲಿ ಸ್ನಾತಕೋತ್ತರ ಓದು: ಯಾರೂ ನೆನಪಿಸದ ಸಂಗತಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಓದಲು ಹೊರಟ ನಮ್ಮ ಹುಡುಗ ಹುಡುಗಿಯರು ಸಾಮಾನ್ಯವಾಗಿ ಅಕ್ಟೋಬರ್ ಮೊದಲ ವಾರಕ್ಕೆ ಅಲ್ಲಿ ಇಳಿದಿರುತ್ತಾರೆ. ತಿಂಗಳ ನಡುವಿಗೆ ಪಾಠ ಶುರು. ಮನೆ, ಬ್ಯಾಂಕು, ಚಳಿ ಎಲ್ಲವೂ ಒಂದು ಹದಕ್ಕೆ ಬರುವಷ್ಟರಲ್ಲಿ ನವೆಂಬರ್ ಕಳೆದಿರುತ್ತದೆ. ಸರಿಸುಮಾರು ಆ ದಿನಗಳಲ್ಲೇ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಅವಧಿ ತೆರೆಯುತ್ತದೆ, ಕೆಲವೇ ವಾರಗಳಲ್ಲಿ ಮುಗಿದೂ ಹೋಗುತ್ತದೆ. ತರಗತಿಗೆ ಬಂದು ಹೇಳುವವರಿಲ್ಲ, ಫೋನ್ ಮಾಡುವ ಕ್ಲರ್ಕ್ ಇಲ್ಲ. ಹೆಸರು ಹಾಕದವರು ಫೆಬ್ರವರಿಯಲ್ಲಿ ಪರೀಕ್ಷೆ ಬರೆಯುವಂತಿಲ್ಲ. ದಂಡ ಕಟ್ಟಿ ಹಾಲ್ ಟಿಕೆಟ್ ಪಡೆಯುವ ನಮ್ಮೂರಿನ ದಾರಿ ಅಲ್ಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ವಿಷಯವಾದರೆ ಒಂದು ವರ್ಷವೇ ಕೈಬಿಟ್ಟಂತೆ.

ಈ ಒಂದು ಸಂಗತಿಯಲ್ಲೇ ಅಲ್ಲಿನ ಓದಿನ ಸ್ವಭಾವ ಕಾಣುತ್ತದೆ. ನಿಯಮಗಳೆಲ್ಲ ಬರೆದಿಟ್ಟಿರುತ್ತವೆ, ಓದಿಕೊಳ್ಳುವುದು ವಿದ್ಯಾರ್ಥಿಯ ಕೆಲಸ. ಪ್ರತಿ ಕೋರ್ಸಿಗೂ ಎರಡು ದಾಖಲೆ ಇರುತ್ತವೆ. ಒಂದು ಪ್ರ್ಯೂಫುಂಗ್ಸ್‌ಓರ್ಡ್‌ನುಂಗ್, ಅಂದರೆ ಪರೀಕ್ಷಾ ನಿಯಮಾವಳಿ. ಇನ್ನೊಂದು ಮೊಡ್ಯೂಲ್ ಕೈಪಿಡಿ, ಅಂದರೆ ಪ್ರತಿ ವಿಷಯದ ವಿವರ. ಎರಡೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಊರು ಬಿಡುವ ಮೊದಲೇ ಇವನ್ನು ಓದಿಕೊಂಡವರು ಕಡಿಮೆ ಎಡವುತ್ತಾರೆ.

ಕ್ರೆಡಿಟ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಎರಡು ವರ್ಷದ ಎಂ.ಎಸ್ಸಿ.ಗೆ 120 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ದುಡಿಮೆ. 6 ಕ್ರೆಡಿಟ್‌ನ ಒಂದು ವಿಷಯಕ್ಕೆ ಹೆಚ್ಚೆಂದರೆ 180 ಗಂಟೆ. ವಾರಕ್ಕೆ ಒಂದೂವರೆ ಗಂಟೆಯ ಎರಡು ತರಗತಿ, 15 ವಾರ ಎಂದರೆ 45 ಗಂಟೆ. ಉಳಿದ 135 ಗಂಟೆ ಎಲ್ಲಿ ಹೋಯಿತು? ಅದನ್ನು ವಿದ್ಯಾರ್ಥಿ ಗ್ರಂಥಾಲಯದಲ್ಲಿ, ತನ್ನ ಮೇಜಿನ ಮುಂದೆ ಒಬ್ಬನೇ ಕೂತು ತುಂಬಬೇಕು. ವೇಳಾಪಟ್ಟಿಯಲ್ಲಿ ಖಾಲಿ ಕಾಣುವ ಮಂಗಳವಾರ, ಗುರುವಾರ ರಜೆಯಲ್ಲ. ಅದನ್ನು ರಜೆ ಎಂದುಕೊಂಡು ಕೆಲಸಕ್ಕೆ ಸೇರಿದವರು ಜನವರಿಯಲ್ಲಿ ದಿಗಿಲು ಬೀಳುತ್ತಾರೆ.

ಹಾಜರಿ ಬಹುತೇಕ ಕಡ್ಡಾಯವಲ್ಲ. ಆದರೆ ಪಾಠದ ಜೊತೆಗೆ ವಾರವಾರ ಅಭ್ಯಾಸದ ಲೆಕ್ಕಗಳ ಹಾಳೆ ಬರುತ್ತದೆ. ಕೆಲವು ವಿಷಯಗಳಲ್ಲಿ ಆ ಹಾಳೆಗಳಲ್ಲಿ ಅರ್ಧದಷ್ಟು ಅಂಕ ಗಳಿಸಿದವರಿಗೆ ಮಾತ್ರ ಪರೀಕ್ಷೆಗೆ ಪ್ರವೇಶ. ಇಷ್ಟು ಮಾಡಿದರೂ ಆ ಅಂಕ ಅಂತಿಮ ಫಲಿತಾಂಶಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ. ನಮ್ಮಲ್ಲಿ ಇಂಟರ್ನಲ್ಸ್ ಅಂಕ ಮೊದಲೇ ಕೈಯಲ್ಲಿರುವುದರಿಂದ ಒಂದು ಧೈರ್ಯ ಇರುತ್ತದೆ. ಅಲ್ಲಿ 90 ಅಥವಾ 120 ನಿಮಿಷದ ಒಂದೇ ಪರೀಕ್ಷೆಯ ಮೇಲೆ ಇಡೀ ವಿಷಯ ನಿಂತಿರುತ್ತದೆ. ಇನ್ನು ಕೆಲವು ವಿಷಯಗಳಲ್ಲಿ ಬರವಣಿಗೆಯೇ ಇಲ್ಲ. ಪ್ರಾಧ್ಯಾಪಕರ ಎದುರು 20, 30 ನಿಮಿಷ ಕೂತು ಬಾಯಲ್ಲಿ ಉತ್ತರಿಸಬೇಕು, ಕಾಗದದ ಮೇಲೆ ಸೂತ್ರ ಬಿಡಿಸಿ ತೋರಿಸಬೇಕು. ಹೀಗೆ ಉತ್ತರ ಹೇಳಿ ಅಭ್ಯಾಸವಿಲ್ಲದ ನಮ್ಮವರು, ವಿಷಯ ಗೊತ್ತಿದ್ದೂ ತೊದಲುತ್ತಾರೆ. ಇದಕ್ಕೊಂದು ಒಳ್ಳೆಯ ಉಪಾಯವಿದೆ. ಪ್ರತಿ ವಿಭಾಗದಲ್ಲೂ ಫಾಖ್‌ಶಾಫ್ಟ್ ಎಂಬ ವಿದ್ಯಾರ್ಥಿ ಸಂಘ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು, ಮೌಖಿಕ ಪರೀಕ್ಷೆಯಲ್ಲಿ ಯಾವ ಪ್ರಾಧ್ಯಾಪಕರು ಏನೇನು ಕೇಳಿದರು ಎಂಬ ಬರಹಗಳು ಹಲವು ಕಡೆ ಅವರ ಹತ್ತಿರ ಸಿಗುತ್ತವೆ. ಕೇಳಿದರೆ ಕೊಡುತ್ತಾರೆ. ಕೇಳಲು ಸಂಕೋಚಪಡಬಾರದು.

ಅಂಕದ ಬಗೆ ತಲೆಕೆಳಗು. 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಬಹಳಷ್ಟು ನಿಯಮಾವಳಿಗಳಲ್ಲಿ ಒಮ್ಮೆ ಪಾಸಾದ ವಿಷಯವನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ. ತಯಾರಿಯಿಲ್ಲದೆ ಹೋಗಿ 3.7 ತಂದರೆ ಅದು ಅಂಕಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹೆಸರು ವಾಪಸು ಪಡೆಯಲು ಕೊನೆಯ ದಿನ ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಅದು ಕೆಲವು ಕಡೆ ಪರೀಕ್ಷೆಗೆ ಒಂದು ವಾರ ಮೊದಲು, ಕೆಲವು ಕಡೆ ಒಂದೆರಡು ದಿನ ಮೊದಲು. ಹೆಸರು ಹಾಕಿ, ವಾಪಸು ಪಡೆಯದೆ, ಪರೀಕ್ಷೆಗೆ ಹೋಗದಿದ್ದರೆ 5.0 ಬೀಳುತ್ತದೆ, ಒಂದು ಅವಕಾಶವೂ ಹೋಗುತ್ತದೆ. ಜ್ವರ ಬಂದಿದ್ದರೆ ಪರೀಕ್ಷೆಯ ದಿನವೇ ವೈದ್ಯರ ಬಳಿ ಹೋಗಿ ಅಟೆಸ್ಟ್ ಎಂಬ ಪ್ರಮಾಣಪತ್ರ ತಂದು, ಪರೀಕ್ಷಾ ಕಚೇರಿಗೆ ತಡಮಾಡದೆ ತಲುಪಿಸಬೇಕು. ವಾರ ಕಳೆದು ತಂದ ಪತ್ರವನ್ನು ಅವರು ಒಪ್ಪುವುದು ಕಷ್ಟ.

ಅವಕಾಶಗಳು ಎಷ್ಟು ಎಂಬುದೇ ಇಲ್ಲಿ ಅತ್ಯಂತ ಗಂಭೀರವಾದ ವಿಷಯ. ನಮ್ಮಲ್ಲಿ ಬ್ಯಾಕ್‌ಲಾಗ್ ಇಟ್ಟುಕೊಂಡು ಮುಂದಿನ ಸೆಮಿಸ್ಟರಿಗೆ ಹೋಗುವುದು ಸಾಮಾನ್ಯ. ಅಲ್ಲಿ ಒಂದು ವಿಷಯಕ್ಕೆ ಹೆಚ್ಚಿನ ಕಡೆ ಮೂರು ಅವಕಾಶ, ಕೆಲವೆಡೆ ಎರಡೇ. ಕಡ್ಡಾಯ ವಿಷಯವೊಂದರಲ್ಲಿ ಕೊನೆಯ ಅವಕಾಶವೂ ಕೈಕೊಟ್ಟರೆ ಆ ಕೋರ್ಸೇ ಮುಗಿಯಿತು, ಹೆಸರನ್ನು ತೆಗೆದುಹಾಕುತ್ತಾರೆ. ಅದೇ ವಿಷಯದ ಕೋರ್ಸಿಗೆ ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಬಾಗಿಲು ಮುಚ್ಚಬಹುದು. ವಾಸದ ಪರವಾನಗಿ ಓದಿಗೆ ಅಂಟಿಕೊಂಡಿರುವುದರಿಂದ ಅದಕ್ಕೂ ಕುತ್ತು. ಮೊದಲ ಬಾರಿ ಫೇಲಾದವರು ಐನ್‌ಜಿಖ್ಟ್ ದಿನವನ್ನು ತಪ್ಪಿಸಿಕೊಳ್ಳಲೇಬಾರದು. ಫಲಿತಾಂಶದ ಬಳಿಕ ನಿಗದಿಯಾದ ದಿನ, ತಿದ್ದಿದ ಉತ್ತರ ಪತ್ರಿಕೆಯನ್ನು ಕಣ್ಣಾರೆ ನೋಡಲು ಬಿಡುತ್ತಾರೆ. ಎಲ್ಲಿ ಅಂಕ ಹೋಯಿತು ಎಂದು ತಿಳಿಯುತ್ತದೆ, ಎಣಿಕೆ ತಪ್ಪಿದ್ದರೆ ಅಲ್ಲೇ ಸರಿಪಡಿಸುತ್ತಾರೆ. ಹೋಗಲು ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಇದನ್ನೆಲ್ಲ ನೋಡಿದರೆ, ನಿಯಮ ಒಪ್ಪುವ ಕಡೆ ಮೊದಲ ಸೆಮಿಸ್ಟರಿಗೆ ಐದು ವಿಷಯದ ಬದಲು ನಾಲ್ಕು, ಕೆಲವೊಮ್ಮೆ ಮೂರು ತೆಗೆದುಕೊಳ್ಳುವುದೇ ಜಾಣತನ. ಎರಡು ವರ್ಷದ ಓದು ಎರಡೂವರೆಯಾದರೆ ಅಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ. ಊರಲ್ಲಿರುವ ತಂದೆ ತಾಯಿಗೂ ಇದನ್ನು ಮೊದಲೇ ತಿಳಿಸಿಡಬೇಕು, ಸಾಲದ ಕಂತಿನ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಹಾಕಬೇಕು.

ಈಗ ಹೊರಡುವ ಮೊದಲಿನ ಕಾಗದಪತ್ರ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ಬೇಕು. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ ಅದು. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹಲವು ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಕೇಳುವುದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಶುರು ಮಾಡಬೇಕು. ನಮ್ಮ ಸಿಜಿಪಿಎಯನ್ನು ಜರ್ಮನ್ ಅಂಕಕ್ಕೆ ತರುವ ಸೂತ್ರ ಸರಳ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಹತ್ತಕ್ಕೆ 8 ಇದ್ದು ಪಾಸು 4 ಆದರೆ ಉತ್ತರ 2.0. ಪಾಸು 5 ಎಂದು ಹಿಡಿದರೆ ಅದೇ 8 ಅಂಕ 2.2 ಆಗುತ್ತದೆ. ಪ್ರವೇಶದ ಮಿತಿ 2.1 ಎಂದಿದ್ದರೆ ಈ ವ್ಯತ್ಯಾಸವೇ ಸೀಟು ಕೊಡುತ್ತದೆ, ಇಲ್ಲವೇ ಕಳೆಯುತ್ತದೆ. ಆದ್ದರಿಂದ ಪಾಸಿನ ಕನಿಷ್ಠ ಅಂಕ ಎಷ್ಟು ಎಂಬುದು ಅಂಕಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ ವಿಶ್ವವಿದ್ಯಾಲಯದಿಂದ ಬರೆಸಿಕೊಂಡು ಹೋಗಿ.

ದುಡ್ಡಿನ ವಿಷಯ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಪ್ರತಿ ಸೆಮಿಸ್ಟರಿಗೆ ಒಂದು ವಂತಿಗೆ ಮಾತ್ರ. ಆದರೆ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಕಟ್ಟುತ್ತಿದ್ದಾರೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸಬರಿಗೆ ಶುಲ್ಕ ಹಾಕಿದೆ. ಬಿಟ್ಟಿ ಓದು ಎಂಬ ಮಾತನ್ನು ನಂಬುವ ಮೊದಲು ಕೋರ್ಸಿನ ಪುಟ ನೋಡಬೇಕು. ವೀಸಾಕ್ಕೆ ಬ್ಲಾಕ್ಡ್ ಖಾತೆಯಲ್ಲಿ 2024ರ ಸೆಪ್ಟೆಂಬರ್‌ನಿಂದ 11,904 ಯೂರೋ ಇಡಬೇಕು. ಅದು ನಿಮ್ಮದೇ ದುಡ್ಡು, ಆದರೆ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ. ಅದೂ ಅಲ್ಲಿ ಇಳಿದು, ಬ್ಯಾಂಕ್ ಖಾತೆ ತೆರೆದ ಮೇಲೆ. ಆದರೆ ಮೊದಲ ತಿಂಗಳಲ್ಲೇ ಮನೆಯ ಅಡ್ವಾನ್ಸ್ ಬೀಳುತ್ತದೆ. ಕಾನೂನಿನ ಪ್ರಕಾರ ಅದು ಮೂಲ ಬಾಡಿಗೆಯ ಮೂರು ತಿಂಗಳಷ್ಟರವರೆಗೆ ಇರಬಹುದು, ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಇದೆ. ಆದ್ದರಿಂದ ಈ ಖಾತೆಯ ಹೊರಗೆ 1,500ರಿಂದ 2,000 ಯೂರೋ ಬೇರೆ ಇಟ್ಟುಕೊಂಡು ಹೊರಡುವುದು ಕ್ಷೇಮ.

ಜಾಹೀರಾತಿನ ಬಾಡಿಗೆ ನೋಡುವಾಗ ಕಾಲ್ಟ್ ಮತ್ತು ವಾರ್ಮ್ ಎಂಬ ಎರಡು ಪದ ಗಮನಿಸಿ. ಮೊದಲನೆಯದು ಬರೀ ಗೋಡೆಯ ಬಾಡಿಗೆ, ಎರಡನೆಯದರಲ್ಲಿ ಹೀಟರ್, ನೀರು ಸೇರಿರುತ್ತದೆ. ಕರೆಂಟು, ಇಂಟರ್ನೆಟ್ ಹಲವೊಮ್ಮೆ ಎರಡರಲ್ಲೂ ಇರುವುದಿಲ್ಲ. ಮನೆ ತೋರಿಸದೆ, ವಿದೇಶದಲ್ಲಿದ್ದೇನೆ, ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ ಎಂದು ಅಡ್ವಾನ್ಸ್ ಕೇಳುವವರು ಮೋಸಗಾರರೇ. ಮನೆಗೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ಪತ್ರ ಕೊಡಲು ಒಪ್ಪದ ಮನೆ ಎಷ್ಟೇ ಅಗ್ಗವಾದರೂ ಬೇಡ. ಇನ್ನೊಂದು ಚಿಕ್ಕ ವಿಷಯ, ಆದರೆ ಬಹಳ ತೊಂದರೆ ಕೊಡುವಂಥದ್ದು: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ತೆರಿಗೆ ಸಂಖ್ಯೆ, ವಿಮೆಯ ಕಾಗದ ಎಲ್ಲವೂ ಬಂದ ದಾರಿಯಲ್ಲೇ ಹಿಂದಿರುಗುತ್ತವೆ.

ಆರೋಗ್ಯ ವಿಮೆಯಲ್ಲಿ ಒಂದು ತಪ್ಪು ಮಾತ್ರ ತಿದ್ದಲಾಗದು. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರವಿದೆ. ಅಗ್ಗ ಎಂದು ಖಾಸಗಿ ವಿಮೆ ಆರಿಸಿ, ಸಾರ್ವಜನಿಕ ವಿಮೆ ಬೇಡವೆಂದು ವಿನಾಯಿತಿ ಬರೆದುಕೊಟ್ಟರೆ, ಆ ಓದು ಮುಗಿಯುವ ತನಕ ಈ ವಿದ್ಯಾರ್ಥಿ ದರಕ್ಕೆ ಮರಳಲಾಗದು.

ಪಾಠ ಇಂಗ್ಲಿಷಿನಲ್ಲಿದ್ದರೂ ಈ ಕಚೇರಿ, ಕರಾರು, ವೈದ್ಯರು, ಅಂಚೆ ಎಲ್ಲ ಜರ್ಮನ್ ಭಾಷೆಯಲ್ಲೇ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ ನಮ್ಮ ನಾಡಿಗೆ ಬಂದು ಕನ್ನಡ ಕಲಿತರು, 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಅವರ ಹಿಂದೆ ಬಂದ ಕಿಟ್ಟೆಲ್ 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ಅವರ ನಾಡಿಗೆ ಹೋಗುವ ಕನ್ನಡದ ಮಕ್ಕಳು ಎ2 ಎಂಬ ಆರಂಭಿಕ ಮಟ್ಟದ ಜರ್ಮನ್ ಆದರೂ ಕಲಿತು ಹೊರಡಬೇಕು ಎಂದು ಬಯಸುವುದು ಹೆಚ್ಚೇನಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ. ಜರ್ಮನಿಗೆ ಹೋದ ಮೇಲೆ ಕಲಿಯುತ್ತೇನೆ ಎಂದವರಿಗೆ ಆ 135 ಗಂಟೆಗಳ ನಡುವೆ ಬಿಡುವು ಸಿಗುವುದು ಕಷ್ಟ.

ಸಂಪಾದನೆಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದಲ್ಲೇ ಸಿಗುವ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನೇ ಮೊದಲು ಹುಡುಕಿ. ಎರಡು ಸಾಲಿನ ಇಮೇಲ್‌ಗಿಂತ, ಪಾಠ ಮುಗಿದ ಮೇಲೆ ಸಂಶೋಧನಾ ವಿದ್ಯಾರ್ಥಿಯೊಬ್ಬರ ಹತ್ತಿರ ಹೋಗಿ ಮಾತಾಡಿದರೆ ಬೇಗ ಫಲ ಸಿಗುತ್ತದೆ. ಮುಂದೆ ಪ್ರಬಂಧಕ್ಕೆ ಮಾರ್ಗದರ್ಶಕರೂ ಹೀಗೆಯೇ ದೊರೆಯುತ್ತಾರೆ. ಪ್ರಬಂಧ ಸಾಮಾನ್ಯವಾಗಿ 30 ಕ್ರೆಡಿಟ್, ಆರು ತಿಂಗಳು. ವಿಷಯ ಮತ್ತು ಮಾರ್ಗದರ್ಶಕರ ಹುಡುಕಾಟಕ್ಕೇ ಎರಡು ಮೂರು ತಿಂಗಳು ಬೇಕಾಗುವುದರಿಂದ ಮೂರನೇ ಸೆಮಿಸ್ಟರಿನ ಆರಂಭದಲ್ಲೇ ಅದನ್ನು ಶುರು ಮಾಡಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಹಳೆಯ ಪರವಾನಗಿ ಮುಗಿಯುವ ಮೊದಲೇ ಅರ್ಜಿ ಹಾಕಿ. ವಿದೇಶಿಯರ ಕಚೇರಿಯಲ್ಲಿ ಭೇಟಿಯ ದಿನ ಸಿಗಲು ವಾರಗಟ್ಟಲೆ ಕಾಯಬೇಕಾಗುತ್ತದೆ, ಅಲ್ಲಿಂದಲೂ ಯಾರೂ ನಿಮಗೆ ನೆನಪಿಸುವುದಿಲ್ಲ.

ನಮಸ್ಕಾರ.