ಸಣ್ಣ ಕಾರಿಗೆ ಕರೆಂಟಿನ ಉಸಿರು

ಕೇಳುಗರೇ, ನಮಸ್ಕಾರ.

ಚಾರ್ಮಾಡಿ ಘಾಟಿ. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. 800 ಸಿಸಿ ಇಂಜಿನ್ ಸೆಕೆಂಡ್ ಗೇರಿನಲ್ಲಿ ಏದುಸಿರು ಬಿಡುತ್ತಿದೆ. ಏಸಿ ಆರಿಸಿದರೂ ಹಿಂದಿನವರ ಹಾರ್ನ್ ನಿಲ್ಲುವುದಿಲ್ಲ. ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುತ್ತದೆಂದು ಆನ್‌ಲೈನಿನಲ್ಲಿ ಮಾರುವ ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಮೇಲೆ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲೇ. ಗಾಳಿ ಪೈಪಿಗೊಂದು ಫ್ಯಾನು, ಬ್ಯಾಟರಿಗೆ ಎರಡು ವೈರು, ಅಷ್ಟೇ.

ನನ್ನ ಗೆಳೆಯರೊಬ್ಬರು ಒಂದನ್ನು ತರಿಸಿದ್ದರು. ಗ್ಯಾರೇಜಿನ ಬೆಂಚಿನ ಮೇಲಿಟ್ಟು ಬ್ಯಾಟರಿಗೆ ಕೊಟ್ಟೆವು. ಕೂದಲು ಹಾರುವಷ್ಟು ಗಾಳಿ! ಆದರೆ ಅಂಗೈಯಿಂದ ಅದರ ಬಾಯಿ ಮುಚ್ಚಿದರೆ, ಕೈಯನ್ನು ತಳ್ಳುವ ಬಲ ಅದಕ್ಕಿರಲಿಲ್ಲ. ಗಾಳಿ ಬೀಸುವುದು ಬೇರೆ, ಗಾಳಿ ಒತ್ತುವುದು ಬೇರೆ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು: ಪಂಪಿನ ಬುಡ ಬಿಸಿಯಾಗುತ್ತದೆ, ರಟ್ಟೆ ಸೋಲುತ್ತದೆ.

ಲೆಕ್ಕ ಹಾಕೋಣ. 1000 ಸಿಸಿ ಇಂಜಿನ್ 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ನಿಮಿಷಕ್ಕೆ ಹೆಚ್ಚುಕಡಿಮೆ 3000 ಲೀಟರ್ ಗಾಳಿ ಎಳೆಯುತ್ತದೆ. ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಮೂರು. ಇದಕ್ಕೆ ಅರ್ಧ ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಅರ್ಧದಷ್ಟು, ಒತ್ತಡ ಕೂಡಿಸಬೇಕಾದರೆ ಸುಮಾರು ನಾಲ್ಕೂವರೆ ಕಿಲೋವ್ಯಾಟ್ ಬೇಕು. ಮನೆಯ 750 ವ್ಯಾಟಿನ ಮಿಕ್ಸಿ ಆರು ಒಟ್ಟಿಗೆ ತಿರುಗಿದ ಹಾಗೆ! 12 ವೋಲ್ಟಿನಲ್ಲಿ ಅದು 375 ಆಂಪಿಯರ್. ಸಣ್ಣ ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಕೊಡುವುದು ಒಂದು ಕಿಲೋವ್ಯಾಟ್ ಆಸುಪಾಸು; ಅದರಲ್ಲೇ ಹೆಡ್‌ಲೈಟು, ಇಗ್ನಿಷನ್, ಬ್ಲೋವರ್ ಎಲ್ಲವೂ ನಡೆಯಬೇಕು. ಮಿಕ್ಕಿದ್ದನ್ನು ಬ್ಯಾಟರಿ ತುಂಬಿಕೊಡಲಿ ಎಂದರೆ, ಘಾಟಿ ಮುಗಿಯುವ ಎಷ್ಟೋ ಮೊದಲೇ ಅದು ಕೈಚೆಲ್ಲುತ್ತದೆ.

ಹಾಗಂತ ಈ ವಿದ್ಯೆ ಸುಳ್ಳಲ್ಲ, ಅದನ್ನು ಒತ್ತಿ ಹೇಳುತ್ತೇನೆ. 2016ರಲ್ಲಿ ಆಡಿ ಕಂಪನಿ ತನ್ನ ಎಸ್‌ಕ್ಯೂ7 ಡೀಸೆಲ್ ಕಾರಿಗೆ ಗಾಳಿ ಒತ್ತುವ ವಿದ್ಯುತ್ ಕಂಪ್ರೆಸರ್ ಜೋಡಿಸಿತು. 7 ಕಿಲೋವ್ಯಾಟ್ ಮೋಟಾರು, ಕಾಲು ಸೆಕೆಂಡಿನಲ್ಲಿ ನಿಮಿಷಕ್ಕೆ 70,000 ಸುತ್ತಿನ ವೇಗ! ಆದರೆ ಅದರ ಹಿಂದೆ 48 ವೋಲ್ಟಿನ ಪ್ರತ್ಯೇಕ ವ್ಯವಸ್ಥೆಯಿದೆ. ಅದು ದುಡಿಯುವುದೂ ಟರ್ಬೋ ಚುರುಕಾಗುವವರೆಗಿನ ಆ ಒಂದು ಗಳಿಗೆ ಮಾತ್ರ; ಆಮೇಲೆ ಇಂಜಿನ್ನಿನ ಹೊಗೆಯ ರಭಸದಿಂದ ತಿರುಗಿ ಗಾಳಿ ಒತ್ತುವ ಟರ್ಬೋವೇ ಹೊಣೆ ಹೊರುತ್ತದೆ. ನಮ್ಮ ಘಾಟಿ ಗಳಿಗೆಯ ಮಾತಲ್ಲ, ನಿಮಿಷಗಟ್ಟಲೆ ಏರು.

ಹಾಕಿಕೊಂಡರೆ ನಷ್ಟವೇನು ಎನ್ನುವಿರಾ? ಇಂಜಿನ್ ಜೋರಾಗಿ ಉಸಿರೆಳೆಯುವಾಗ ಈ ಪುಟ್ಟ ಫ್ಯಾನು ದಾರಿಗೆ ಅಡ್ಡವಾಗುತ್ತದೆ. ಪ್ಲಾಸ್ಟಿಕ್ ರೆಕ್ಕೆ ಮುರಿದರೆ ಚೂರು ಒಳಕ್ಕೇ ಹೋದೀತು. ಒಂದು ವೇಳೆ ನಿಜವಾಗಿ ಒತ್ತಡ ಬಂದರೂ, ಅದಕ್ಕೆ ತಕ್ಕ ಪೆಟ್ರೋಲು ಸಿಗದೆ ಇಂಜಿನ್ ನಾಕ್ ಹೊಡೆದು (ಒಳಗಿನ ಇಂಧನ ಹದತಪ್ಪಿ ಸಿಡಿದು) ಪಿಸ್ಟನ್ ಹಾಳಾಗಬಹುದು. ಏರಿಗೆ ಬಲ ಬೇಕೆನ್ನುವವರು ಮುಂದಿನ ಕಾರು ಕೊಳ್ಳುವಾಗ ಕಂಪನಿಯಿಂದಲೇ ಟರ್ಬೋ ಬಂದ 1000 ಸಿಸಿ ಇಂಜಿನ್ ನೋಡಲಿ.

ಗೆಳೆಯರ ಕಾರಿಗೆ ಆ ಫ್ಯಾನು ಕೂರಿಸಲೆಂದು ಮೆಕ್ಯಾನಿಕ್ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು. ಮಡಿಕೆ ಮಡಿಕೆಗೂ ಕೆಂಪು ಧೂಳು ಮೆತ್ತಿಕೊಂಡಿತ್ತು; ನೆಲಕ್ಕೆ ಕುಟ್ಟಿದರೆ ಬೊಗಸೆ ಮಣ್ಣು ಉದುರಿತು. ಹೊಸ ಫಿಲ್ಟರ್ ಹಾಕಿಸಿ, ಫ್ಯಾನನ್ನು ಡಬ್ಬದ ಸಮೇತ ವಾಪಸು ಕಳಿಸಿದೆವು.