ಮೋಡದೊಳಗೆ ಮೈಯ ಮಾತು ನಂಬಬೇಡಿ

ಎಲ್ಲರಿಗೂ ನಮಸ್ಕಾರ. 2023ರಲ್ಲಿ ಸೋಗಾನೆಯ ನಿಲ್ದಾಣಕ್ಕೆ ವಿಮಾನ ಬಂದಮೇಲೆ ನಮ್ಮ ಶಿವಮೊಗ್ಗದಲ್ಲಿ ಪೈಲಟ್ ಆಗ್ತೀನಿ ಅನ್ನುವ ಮಕ್ಕಳು ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಫೈಟರ್ ಪೈಲಟ್ ಅಂದರೆ ಸಾಕು, ಮನೆಯಲ್ಲಿ ಒಂದೇ ಮಾತು: 'ಅದಕ್ಕೆಲ್ಲ ಗುಂಡಿಗೆ ಬೇಕು, ನಮ್ಮಂಥವರಿಗಲ್ಲ.' ಈ ಮಾತು ತಪ್ಪು ಅಂತ ಹೇಳೋಕೇ ನಾನಿವತ್ತು ಬಂದಿರೋದು.

ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಂಡಿರುವ ಒಬ್ಬ ಹಿರಿಯರನ್ನು ಈಚೆಗೆ ಭೇಟಿಯಾದೆ. ವಾಯುಪಡೆಯಲ್ಲಿ ಮಿಗ್-21 ಹಾರಿಸಿದವರು. 1963ರಲ್ಲಿ ನಮ್ಮ ಪಡೆ ಸೇರಿ, 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತಲ್ಲ, ಅದೇ ವಿಮಾನ. ನೆಲಕ್ಕಿಳಿಯುವಾಗಲೇ ಗಂಟೆಗೆ 300 ಕಿ.ಮೀ.ಗಿಂತ ಜಾಸ್ತಿ ವೇಗ!

'ಸಾರ್, ಭಯ ಆಗ್ತಿರಲಿಲ್ವಾ?' ಅಂದೆ. ಅವರು ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದರು. ಎಡಗೈ, ಅಲ್ಲಿ ಇಲ್ಲದ ಥ್ರಾಟಲ್ ಅಂದರೆ ಎಂಜಿನ್ ವೇಗದ ಹಿಡಿಕೆ ಹಿಡಿಯಿತು, ಬಲಗೈ ವಿಮಾನ ತಿರುಗಿಸುವ ಸ್ಟಿಕ್ ಹಿಡಿಯಿತು, ಬೆರಳುಗಳು ಒಂದೊಂದೇ ಸ್ವಿಚ್ ಮುಟ್ಟುತ್ತಾ ಹೋದವು. ಒಳಗಿಂದ ಅವರ ಮನೆಯವರು, 'ಕಾಫಿ ಆರ್ತಾ ಇದೆ, ಮೊದಲು ಇಳೀರಿ' ಅಂದರು! ಕಣ್ಣಿಗೆ ಬಟ್ಟೆ ಕಟ್ಟಿದರೂ ಪ್ರತಿ ಸ್ವಿಚ್ ಕೈಗೆ ಸಿಗಬೇಕಂತೆ. ಗುಂಡಿಗೆ ಅಂತ ನಾವು ಹೇಳೋದು ಇದನ್ನೇ, ಅಭ್ಯಾಸವನ್ನು.

ಅವರು ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಮಳೆಗಾಲದ ಮೋಡದೊಳಗೆ ನುಗ್ಗಿದರೆ ಆಗುಂಬೆ ಘಾಟಿಯ ಜುಲೈ ಮಂಜಿನ ಹಾಗೆ, ಏನೂ ಕಾಣಲ್ಲ. ಕಾರಾದರೆ ಬದಿಗೆ ನಿಲ್ಲಿಸಬಹುದು. ಜೆಟ್ ಗಂಟೆಗೆ 900 ಕಿ.ಮೀ. ಅಂದರೆ ಸೆಕೆಂಡಿಗೆ 250 ಮೀಟರ್ ಓಡ್ತಿರುತ್ತೆ. ನಮ್ಮ ಒಳಗಿವಿಯಲ್ಲಿ ಸಮತೋಲ ಹೇಳುವ ದ್ರವ ಇದೆ. ವಿಮಾನ ಒಂದೇ ಸಮ ನಿಧಾನವಾಗಿ ತಿರುಗ್ತಿದ್ದರೆ ಆ ದ್ರವವೂ ಜೊತೆಗೇ ತಿರುಗಿ, ಮೈಗೆ ನೆಟ್ಟಗೇ ಹೋಗ್ತಿದ್ದೇವೆ ಅನ್ನಿಸುತ್ತೆ. ನಿಜವಾಗಿ ನೆಟ್ಟಗೆ ಮಾಡಿದಾಗ, ಅಯ್ಯೋ, ಎದುರು ಕಡೆಗೆ ವಾಲಿತು ಅನ್ನಿಸುತ್ತೆ. ಹಾಗೆ ಒಮ್ಮೆ ಇವರ ಮೈಯೆಲ್ಲ ಬಲಕ್ಕೆ ವಾಲಿದೆ, ವಾಲಿದೆ ಅಂತ ಕೂಗ್ತಿತ್ತಂತೆ. ಎದುರಿನ ಆರ್ಟಿಫಿಷಿಯಲ್ ಹೊರೈಜನ್ ಮೀಟರ್ ಮಾತ್ರ ರೆಕ್ಕೆ ಸಮ ಇದೆ ಅಂತ ತೋರಿಸ್ತಿತ್ತು. ಕೈ ಸ್ಟಿಕ್ಕನ್ನು ಎಡಕ್ಕೆ ಎಳೀಬೇಕು ಅಂತ ಹಟ ಮಾಡ್ತಿದೆ, ಇವರು ಬಿಡ್ತಿಲ್ಲ, ಗ್ಲೌಸ್ ಒಳಗೆಲ್ಲ ಬೆವರು. ಮೋಡ ದಾಟಿ ಮೇಲೆ ಬಂದಾಗ ದಿಗಂತ ಮೀಟರ್ ಹೇಳಿದ ಜಾಗದಲ್ಲೇ ಇತ್ತು. 'ಅವತ್ತು ಧೈರ್ಯ ಮಾಡಿ ಮೈಯ ಮಾತು ಕೇಳಿದ್ದರೆ ಇವತ್ತು ಕಾಫಿ ಇರ್ತಿರಲಿಲ್ಲ' ಅಂದರು.

ಚೀಟಿ ಬಂತು, ಐದೇ ನಿಮಿಷ ಅಂತೆ. ಸರಿ, ಜಿ-ಫೋರ್ಸ್ ಬೇಗ ಹೇಳ್ತೀನಿ. ಜೋರಾಗಿ ತಿರುಗಿಸಿದಾಗ ಮೈ ಭಾರ ಹಲವು ಪಟ್ಟು ಆಗುತ್ತೆ; 60 ಕಿಲೋ ಆಳು 6 ಜಿಯಲ್ಲಿ, ಅಂದರೆ ಆರು ಪಟ್ಟಿನಲ್ಲಿ, 360 ಕಿಲೋ ತೂಗ್ತಾನೆ. ರಕ್ತ ಕಾಲಿಗಿಳಿದು ಕಣ್ಣು ಮಂಜಾಗುತ್ತೆ. ಕಾಲು, ಹೊಟ್ಟೆ ಬಿಗಿಹಿಡಿದು ಉಸಿರು ಕಟ್ಟಿ ಬಿಡೋದನ್ನು ಕಲೀಬೇಕು. ಇದೂ ಅಭ್ಯಾಸವೇ, ಅಲ್ವಾ?

ಈಗ ಪರೀಕ್ಷೆಯ ವಿಷಯ, ಅದು ಮುಖ್ಯ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ದರೆ ಎನ್‌ಡಿಎ, ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ ಮೂಲಕ ವಾಯುಪಡೆಗೆ ಹೋಗಬಹುದು. 2022ರಿಂದ ಹುಡುಗಿಯರಿಗೂ ಅಲ್ಲಿ ಪ್ರವೇಶ ಇದೆ. ಫೈಟರ್ ತರಬೇತಿ ನಡೆಯೋದು ನಮ್ಮದೇ ಬೀದರಿನಲ್ಲಿ. 2016ರಲ್ಲಿ ವಾಯುಪಡೆಯ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಅಲ್ಲೇ ಹಾಕ್ ಜೆಟ್ ಹಾರಿಸಿ ಕಲಿತರು. ಅಪ್ಪ ಅಮ್ಮಂದಿರೇ, ಮಗಳು ಕೇಳಿದರೆ ಗುಂಡಿಗೆ ವಿಷಯ ಎತ್ತಬೇಡಿ, ಅರ್ಜಿ ಯಾವಾಗ ಕರೀತಾರೆ ಅಂತ ಅವಳ ಜೊತೆ ಕೂತು ನೋಡಿ.